ಗೇಟು ಹಾಕಿದ್ದ ಎಂಟು ನಿಮಿಷ

ನಾಗಶ್ರೀ ಅಮ್ಮನ ಫೋಟೋವನ್ನು ಗೋಡೆಯಿಂದ ಇಳಿಸಿ, ಜಗಲಿಯ ಮೇಲೆ ಹಳೆಯ ಗೋಣಿ ಹಾಸಿ ಅದರ ಮೇಲೆ ಬೋರಲು ಮಲಗಿಸಿ, ಹಿಂದಿನ ರಟ್ಟನ್ನು ಹಿಡಿದಿದ್ದ ಸಣ್ಣ ಮೊಳೆಗಳನ್ನು ಚಾಕುವಿನ ತುದಿಯಿಂದ ಒಂದೊಂದಾಗಿ ಎಬ್ಬಿಸಿದಳು. ನಾಲ್ಕು ವರ್ಷದ ವಿಭೂತಿ ಗಾಜಿನ ಸಂದಿಯಲ್ಲಿ ಒಳಗೆ ಇಳಿದು ಅಂಚಿನಲ್ಲಿ ಗಟ್ಟಿಯಾಗಿ ಕೂತಿತ್ತು. ಒದ್ದೆ ಪೇಪರಿನಿಂದ ಉಜ್ಜಿದಳು, ಒಣ ಪೇಪರಿನಿಂದ ಮತ್ತೆ ಉಜ್ಜಿದಳು. ಅತ್ತೆ ಶಾಂತಕುಮಾರಿ ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡೇ ಎರಡು ಸಲ ಬಾಗಿಲವರೆಗೆ ಬಂದು ನೋಡಿ ಹೋದಳು. ಅಮ್ಮನ ತಮ್ಮ, ಮಾವ ಓಂಕಾರಪ್ಪ ಒಳಗೆ ಕನ್ನಡಿಯ ಮುಂದೆ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಳ್ಳುತ್ತಿದ್ದ. ಗಾಜು ಸ್ವಚ್ಛವಾದ ಮೇಲೆ ನಾಗಶ್ರೀ ರವಿಕೆಯೊಳಗಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, ಅಮ್ಮನ ಬೆನ್ನಿಗೂ ರಟ್ಟಿಗೂ ನಡುವೆ ಇಟ್ಟು, ಮೊಳೆಗಳನ್ನು ಹೆಬ್ಬೆರಳಿನಲ್ಲಿ ಒತ್ತಿ ಮಲಗಿಸಿದಳು. ಒಂದು ಮೊಳೆ ನೆಟ್ಟಗೆ ಕೂರಲಿಲ್ಲ. ಹಾಗೇ ಬಿಟ್ಟಳು.

ಕಾಗದದಲ್ಲಿ ಮೂರೇ ಸಾಲು. ಅವತ್ತು ರೈಲ್ವೆ ಗೇಟು ಎಂಟು ನಿಮಿಷ ಹಾಕಿತ್ತು. ಗೇಟ್‌ಮನ್ ದಯಾನಂದ ಮಲಗಿರಲಿಲ್ಲ. ನಾವು ಕೊಟ್ಟ ದೂರನ್ನು ವಾಪಸ್ ತೆಗೆದುಕೊಳ್ಳುತ್ತೇವೆ. ಕೆಳಗೆ ಅವಳ ದುಂಡು ಅಕ್ಷರದ ಸಹಿ, ಅದರ ಮೇಲೆ ಮಾವನ ಸಹಿಗೆಂದು ಬಿಟ್ಟ ಜಾಗ. ಈ ಮೂರು ಸಾಲನ್ನು ಅವಳು ಹತ್ತು ದಿನದಲ್ಲಿ ನಾಲ್ಕು ಸಲ ಬರೆದಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಷ್ಟು ಓದಲು ಬರೆಯಲು ಬರುತ್ತದೆಂದು ಈ ಮನೆಯಲ್ಲಿ ಯಾರೂ ನಂಬಿರಲಿಲ್ಲ, ಅದರಿಂದ ಅವಳಿಗೆ ಅನುಕೂಲವೇ ಆಗಿತ್ತು. ಅವಳ ಮುಂದೆ ಪೇಪರು ಬಿಚ್ಚಿಟ್ಟು ಹೋಗುತ್ತಿದ್ದರು, ಪತ್ರ ಬಿಚ್ಚಿಟ್ಟು ಹೋಗುತ್ತಿದ್ದರು, ಗೋಡೆಗೆ ಒರಗಿಸಿದ ಪೊರಕೆಯ ಮುಂದೆ ಮಾತಾಡಿದ ಹಾಗೆ ಎಲ್ಲವನ್ನೂ ಮಾತಾಡುತ್ತಿದ್ದರು. ಅವಳು ಬಾಯಲ್ಲಿ ಮಾವನಿಗೆ ನೀವು ಅನ್ನುತ್ತಿದ್ದಳು. ಮನಸ್ಸಿನಲ್ಲಿ ಎಂದೋ ಅವನು ಆಗಿದ್ದ.

“ಆಯ್ತೇನೆ ನಾಗು? ಹೂವಿನ ಹಾರ ಅಲ್ಲೇ ಸ್ಟೇಜಲ್ಲಿ ಹಾಕ್ತಾರೆ. ನೀನು ಸುಮ್ನೆ ಹಿಡ್ಕೊಂಡು ಕೂತ್ಕೊ,” ಎಂದ ಓಂಕಾರಪ್ಪ ಹೊರಗೆ ಬಂದು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಸೇತುವೆ ಹೋರಾಟ ಸಮಿತಿಯ ಹಸಿರು ಶಾಲು. ಅಂಗಳದಾಚೆ ಕಣದ ತುಂಬ ಕಾಫಿ ಹರಡಿತ್ತು. ಅದನ್ನು ದಾಟುವಾಗ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದು, ಬಗ್ಗಿ ನಾಲ್ಕು ಬೀಜ ಕಚ್ಚಿ ನೋಡಿ ಉಗಿದ. “ಇನ್ನೆರಡು ಬಿಸಿಲು ಬೇಕು. ಇವತ್ತು ಭಾನುವಾರ, ಕುಂಟೆ ಎಳೆಯೋಕೆ ಒಬ್ರೂ ಇಲ್ಲ. ಊಟ ಮುಗಿಸ್ಕೊಂಡು ಬೇಗ ಬಂದ್ಬಿಡಾಣ.” ಅಮ್ಮನ ಹೆಸರಿನಲ್ಲಿ ಸೇತುವೆ ತೆರೆಯುವ ದಿನವೂ ಅವನ ಮೊದಲ ನೋಟ ಕಣದ ಮೇಲೆ, ಎರಡನೆಯ ನೋಟ ಆಕಾಶದ ಮೇಲೆ. ನಾಗಶ್ರೀಗೆ ಅದು ತಪ್ಪೆಂದು ಅನ್ನಿಸಲಿಲ್ಲ. ಮಲೆಯ ಕಡೆ ತೋಟದವರ ಹತ್ತಿರ ಸಿಪ್ಪೆ ಸುಲಿದ ಹಸಿ ಬೀಜದ ಪಾರ್ಚ್‌ಮೆಂಟ್ ಕೊಂಡು, ಊರಾಚೆ ಹಳಿಯ ಈ ಕಡೆಯ ಬಯಲಿನಲ್ಲಿ ಬಿಸಿಲು ಚೆನ್ನಾಗಿದೆಯೆಂದು ಕಣ ಮಾಡಿಕೊಂಡ ವ್ಯಾಪಾರಿ ಆಕಾಶ ನೋಡದೆ ಇನ್ನೇನು ನೋಡಿಯಾನು? ಅವಳಿಗೂ ಕುತ್ತಿಗೆ ತಾನಾಗಿಯೇ ಮೇಲೆ ಹೋಗುತ್ತಿತ್ತು. ಅದೇ ಅವಳಿಗೆ ಅಸಹ್ಯ.

ಅಮ್ಮ ಸತ್ತ ಆ ಭಾನುವಾರವೂ ಹೀಗೇ. ಜನವರಿ, ಎಳೆಯಲು ಆಳಿಲ್ಲ, ಅರ್ಧ ಒಣಗಿದ ಪಾರ್ಚ್‌ಮೆಂಟ್ ಕಣದ ತುಂಬ. ಊಟ ಮಾಡಿ ಕೂತಿದ್ದಾಗ ಗಿರಿಯ ಕಡೆಯಿಂದ ಒಂದು ಮೋಡ ಎದ್ದಿತು. ಜನವರಿಯ ಮೋಡವೆಂದರೆ ಈ ಮನೆಯಲ್ಲಿ ಕಳ್ಳ ನುಗ್ಗಿದ ಹಾಗೆ. ಅರ್ಧ ಒಣಗಿದ ಬೀಜಕ್ಕೆ ಮಳೆ ಬಿದ್ದರೆ ಬಣ್ಣ ಹೋಗುತ್ತದೆ, ವಾಸನೆ ಕೂರುತ್ತದೆ, ಆಮೇಲೆ ಅದನ್ನು ಯಾರೂ ಮೂಸುವುದಿಲ್ಲ. ಮಾವ ಕುಂಟೆ ಹಿಡಿದು ಓಡಿದ, ಅತ್ತೆ ಓಡಿದಳು, ನಾಗಶ್ರೀ ಓಡಿದಳು. ಅಮ್ಮ ಎರಡು ಸಲ ಕುಂಟೆ ಎಳೆದು, ಬಂದು ಜಗಲಿಯ ಮೇಲೆ ಕೂತು, “ಎದೆ ಹಿಡ್ಕೊಂಡಂಗೆ ಆಗ್ತಿದೆ ಕಣೋ ಓಂಕಾರಿ,” ಅಂದಳು. “ಗ್ಯಾಸ್ ಅಕ್ಕ, ಸೋಡಾ ಕುಡಿ. ಇದೊಂದು ಮುಚ್ಚಿ ಹೊರಟೇಬಿಡಾಣ,” ಅಂದ ಮಾವ. ಅಮ್ಮನೂ ಅಂದಳು, “ಹೂಂ, ಮುಚ್ಚ್ರೋ ಮೊದ್ಲು.” ಅದನ್ನು ನೆನೆದಾಗ ನಾಗಶ್ರೀಗೆ ಅಮ್ಮನ ಮೇಲೆ ಕರುಣೆ ಹುಟ್ಟುತ್ತಿರಲಿಲ್ಲ. ತಮ್ಮನ ಕಣದಲ್ಲಿ ಹನ್ನೆರಡು ವರ್ಷ ಕುಂಟೆ ಎಳೆದು, ಕೊನೆಗೆ ತನ್ನ ಎದೆಗಿಂತ ಅವನ ಕಾಫಿಗೇ ಮೊದಲು ಸೆರಗು ಹೊದಿಸಿದ ಹೆಂಗಸು. ಏಳು ರಾಶಿ. ಒಂದೊಂದು ರಾಶಿಗೂ ಟಾರ್ಪಾಲು, ಟಾರ್ಪಾಲಿನ ಸುತ್ತ ಕಲ್ಲು. ನಾಗಶ್ರೀ ಕಲ್ಲನ್ನು ಗೇಣು ಗೇಣಿಗೆ ಒಂದರಂತೆ, ಸಾಲು ತಪ್ಪದ ಹಾಗೆ ಇಟ್ಟಳು. ಗಾಳಿಗೆ ಅಂಚು ಏಳದ ಹಾಗೆ ಮೂಲೆಯನ್ನು ಒಳಕ್ಕೆ ಮಡಿಸಿದಳು. “ನೋಡೆ ಶಾಂತಾ, ನಾಗು ಎಷ್ಟು ಚೆನ್ನಾಗಿ ಕಲ್ಲಿಟ್ಟಿದಾಳೆ,” ಅಂದ ಮಾವ. ಆ ಮಾತಿಗೆ ಅವಳಿಗೆ ಖುಷಿಯಾಯಿತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಮ್ಮ ಜಗಲಿಯ ಮೇಲೆ ಬೆವರುತ್ತಿದ್ದಾಗ ತನಗೆ ಖುಷಿಯಾಯಿತು, ಮುಖ ಬಿಸಿಯಾಯಿತು, ಇನ್ನೊಂದು ರಾಶಿಯನ್ನು ಇನ್ನೂ ಚೆನ್ನಾಗಿ ಮುಚ್ಚಿದಳು. ಮುಕ್ಕಾಲು ಗಂಟೆ ಹಿಡಿಯಿತು. ಮೋಡ ತಲೆಯ ಮೇಲಿಂದ ಹಾದು ಸಖರಾಯಪಟ್ಟಣದ ಕಡೆಗೆ ಹೋಯಿತು. ಒಂದು ಹನಿಯೂ ಬೀಳಲಿಲ್ಲ.

ಕಾರಿನಲ್ಲಿ ಅವಳು ಹಿಂದಿನ ಸೀಟಿನಲ್ಲಿ ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮನೆಯಿಂದ ಗೇಟಿಗೆ ಅರ್ಧ ಮೈಲಿ. ಗೇಟಿನ ಪಕ್ಕ ಈಗ ಸೇತುವೆಯ ಬೂದು ಕಂಬಗಳು ಎದ್ದಿದ್ದವು. ಸೇತುವೆಯ ಬುಡದಲ್ಲಿ ಶಾಮಿಯಾನ, ಕೆಂಪು ಕುರ್ಚಿ, ಬಾಳೆಕಂಬ. ಶಾಮಿಯಾನದ ಪಕ್ಕದಲ್ಲಿ ಆಳೆತ್ತರದ ಫ್ಲೆಕ್ಸು. ಅಮ್ಮನ ಮುಖವನ್ನು ಯಾವುದೋ ಮದುವೆಯ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿದ್ದರು. ಎಡಗಡೆ ಯಾರದೋ ಹೆಗಲು ಹಾಗೇ ಉಳಿದುಕೊಂಡಿತ್ತು. ‘ದಿವಂಗತ ನೀಲಮ್ಮನವರ ಬಲಿದಾನದ ಫಲ’ ಎಂದು ಮೇಲೆ. ಕೆಳಗೆ ಸಮಿತಿಯವರ ಹದಿನಾಲ್ಕು ಮುಖಗಳು, ಅಮ್ಮನಿಗಿಂತ ಹೆಚ್ಚು ಬೆಳ್ಳಗೆ. ಗೇಟಿನ ಬದಿಯಲ್ಲಿ ಸೌತೆಕಾಯಿ ಸೀಳಿ ಖಾರ ಹಚ್ಚಿ ಮಾರುವ ಜವರಮ್ಮ ತನ್ನ ಬುಟ್ಟಿಯನ್ನು ಫ್ಲೆಕ್ಸಿನ ನೆರಳಿಗೆ ಎಳೆದುಕೊಂಡು ಕೂತಿದ್ದಳು.

“ಬಾರವ್ವ, ಬಲಿದಾನದ ಮಗಳೇ,” ಎಂದಳು ಜವರಮ್ಮ, ಮಾವ ಮುಂದೆ ಹೋದ ಮೇಲೆ. “ನಾಳೆಯಿಂದ ಎಲ್ರೂ ಮೇಲೆ ಹಾರ್ಕಂಡು ಹೋಗ್ತಾರೆ. ಸೇತುವೆ ಮ್ಯಾಲೆ ನಿಂತು ನನ್ ಸೌತೆಕಾಯ್ ಯಾರ್ ತಿಂತಾರೆ? ನಿಮ್ಮಾವನ್ನೇ ಕೇಳು.”

ನಾಗಶ್ರೀ ನಕ್ಕಂತೆ ಮಾಡಿದಳು.

“ನಗ್ಬೇಡ. ಅವತ್ತು ನಾನೂ ಇಲ್ಲೇ ಕೂತಿದ್ದೆ. ದಯಾನಂದ ನಿದ್ದೆ ಮಾಡಿದ್ನಂತೆ! ಬಸ್ಸನ್ನ ಹಿಂದೆ ತಳ್ಳಕ್ಕೆ ಬಡ್ಕತಿದ್ದವನು ನಿದ್ದೇಲಿ ಬಡ್ಕತಿದ್ನಾ? ನಂಗ್ಯಾರು ಕೇಳ್ತಾರೆ. ನಿಂಗೆ ಬಾಯಿಲ್ವೇನೆ?”

ಬಾಯಿ ಇತ್ತು. ಆದರೆ ಅದು ತೆರೆಯುವ ಹೊತ್ತಿಗೆ ಎದುರಿನವರು ಯಾವಾಗಲೂ ಹೋಗಿಬಿಟ್ಟಿರುತ್ತಿದ್ದರು. ಶಾಲೆಯಲ್ಲೂ ಹಾಗೇ, ಟೀಚರು ಪ್ರಶ್ನೆ ಕೇಳಿ, ಉತ್ತರವನ್ನು ಪಕ್ಕದ ಹುಡುಗಿಯ ಹತ್ತಿರ ತೆಗೆಸಿ, ಬೋರ್ಡಿನ ಮೇಲೆ ಬರೆದು ಅಳಿಸಿದ ಮೇಲೆ ಅವಳ ನಾಲಿಗೆಗೆ ಅದು ಬರುತ್ತಿತ್ತು. ದಯಾನಂದ ಹತ್ತು ದಿನದ ಹಿಂದೆ ಕಣಕ್ಕೆ ಬಂದಾಗಲೂ ಹಾಗೇ ಆಯಿತು. ಅವನು ಕಣದ ಅಂಚಿನಲ್ಲಿ, ಒಳಗೆ ಕಾಲಿಡುವ ಉದ್ದೇಶವಿಲ್ಲದಿದ್ದರೂ ಬೂಟು ಬಿಚ್ಚಿ, ಸಾಕ್ಸಿನಲ್ಲಿ ನಿಂತ. ಹೆಬ್ಬೆರಳಿನ ಹತ್ತಿರ ಸಾಕ್ಸು ಹರಿದಿತ್ತು. “ಮಾವ ಇಲ್ದಾಗ್ಲೇ ಬಂದೆ ಕಣಮ್ಮ,” ಅಂದ. “ನಂಗೆ ಪ್ರಮೋಷನ್ ಬಂದು ನಿಂತಿದೆ. ಆ ದೂರು ಫೈಲಲ್ಲಿದೆ, ಅದಕ್ಕೇ ಮುಂದೆ ಹೋಗ್ತಿಲ್ಲ. ದೂರು ಕೊಟ್ಟವ್ರದ್ದೇ ಸೈನ್ ಬೇಕಂತೆ, ವಾಪಸ್ ತಗೊಂಡಿದೀವಿ ಅಂತ. ಬರೋ ಹದಿನಾರಕ್ಕೆ ಕೊನೆ, ಸೋಮವಾರ. ಗೇಟು ಮೂವತ್ತೈದು ನಿಮಿಷ ಹಾಕಿತ್ತು ಅಂತಾದ್ರೂ ಬರ್ಕೊಳ್ಳಲಿ ಅಮ್ಮ, ಬಿಡಿ. ಮಲಗಿದ್ದ ಅಂತ ಬರ್ದಿದಾರಲ್ಲ, ಅದೊಂದು ತೆಗೆಸಿ. ಪೇಪರಲ್ಲಿ ಬಂದಿತ್ತು. ನನ್ ಮಗಳು ಓದಿದಾಳೆ.” ಆಮೇಲೆ ಕೈ ಮುಗಿದ. ಐವತ್ತು ವರ್ಷದ ಮನುಷ್ಯ ತನ್ನಂಥವಳಿಗೆ ಕೈ ಮುಗಿದದ್ದು ನೋಡಿ ಅವಳಿಗೆ ಅವನ ಮೇಲೇ ಸಿಟ್ಟು ಬಂತು. ಅವನು ಕೂಗಾಡಬೇಕಿತ್ತು, ಕಾಫಿಯ ಮೇಲೆ ಬೂಟು ಹಾಕಿಕೊಂಡೇ ನಡೆದುಬರಬೇಕಿತ್ತು. ಅವನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡು ಹೋದ ಮೇಲೆ, “ಆಯ್ತು ತೆಗೆಸ್ತೀನಿ,” ಎಂದು ಕುಂಟೆಯ ಹಿಡಿಗೆ ಹೇಳಿದಳು.

ಹತ್ತೂವರೆಗೆ ಬರಬೇಕಿದ್ದ ಮಂತ್ರಿ ಹನ್ನೊಂದೂವರೆಗೆ ಊರಿನ ಕಡೆಯಿಂದ ಬಂದ. ರಿಬ್ಬನ್ನು ಈ ಕಡೆಯ ತುದಿಯಲ್ಲಿತ್ತು, ಕತ್ತರಿಸುವ ಮೊದಲೇ ಸೇತುವೆಯ ಮೇಲೆ ಬಂದರೆ ಉದ್ಘಾಟನೆಗೆ ಅರ್ಥವಿಲ್ಲವೆಂದು ಅವನ ಕಾರನ್ನು ಕೆಳಗಿನ ಹಳೆಯ ರಸ್ತೆಯಲ್ಲೇ ಕರೆತಂದರು. ಗೇಟು ಹಾಕಿತ್ತು. ರೈಲು ಬರುವುದಿತ್ತು. ಶಾಮಿಯಾನದಲ್ಲಿ ಕೂತವರೆಲ್ಲ ಎದ್ದು ನಿಂತು, ಹಳಿಯ ಆಚೆ ಕಡೆ ಕೆಂಪು ದೀಪದ ಕಾರು ತಮ್ಮನ್ನು ನೋಡುತ್ತಾ ನಿಂತಿರುವುದನ್ನು ನೋಡಿದರು. ವಾದ್ಯದವರು ಶುರು ಮಾಡಿ ನಿಲ್ಲಿಸಿದರು. ಸಮಿತಿಯ ಅಧ್ಯಕ್ಷ ಮಲ್ಲಿಕಾರ್ಜುನಪ್ಪ ಹಾರ ಹಿಡಿದುಕೊಂಡು ಗೇಟಿನ ತನಕ ಓಡಿ, “ಏ ದಯಾನಂದ, ತೆಗ್ಯೋ ಮಾರಾಯ, ಒಂದೇ ಗಾಡಿ,” ಅಂದ. ದಯಾನಂದ ಕ್ಯಾಬಿನ್ನಿನ ಬಾಗಿಲಲ್ಲಿ ಹಸಿರು ಬಾವುಟ ಹಿಡಿದು ನಿಂತಿದ್ದ. “ಸ್ಟೇಷನ್ನಿಂದ ನಂಬರ್ ಬರದೇ ಬೀಗ ಬಿಡಲ್ಲ ಸಾರ್,” ಅಂದ. ಈ ಮಾತನ್ನು ಅವನು ಈ ಗೇಟಿನಲ್ಲಿ ಎಷ್ಟು ಸಾವಿರ ಸಲ ಹೇಳಿದ್ದನೋ. ಯಾರೊಬ್ಬರೂ ಕಿವಿಗೆ ಹಾಕಿಕೊಂಡವರಲ್ಲ. ಈ ಊರಿನ ಜನಕ್ಕೆ ಗೇಟು ಹಾಕುವುದು ದಯಾನಂದನ ಹಟ, ತೆಗೆಯುವುದು ಅವನ ದಯೆ. ನಡುವೆ ರೈಲು ಬಂದು ಹೋಗುವುದು ಬೇರೆಯೇ ವಿಷಯ. ನಾಗಶ್ರೀ ಮೊಬೈಲು ನೋಡಿಕೊಂಡಳು. ಆಚೆ ಕಡೆ ಮಂತ್ರಿಯ ಹಿಂದಿದ್ದ ಕಾರುಗಳು ಒಂದೊಂದೇ ಬಲಕ್ಕೆ ಬಂದು ಅವನ ಪಕ್ಕ ನಿಂತವು, ಅವುಗಳ ಪಕ್ಕ ಬೈಕುಗಳು ನಿಂತವು. ಈಚೆ ಕಡೆಯೂ ಹಾಗೇ, ರಸ್ತೆಯ ಎರಡೂ ಪಾಲು ತುಂಬಿತು. ರೈಲು ಬಂತು, ಹೋಯಿತು. ಗೇಟು ಎದ್ದಿತು. ಒಂಬತ್ತು ನಿಮಿಷ. ಎದ್ದ ಗೇಟಿನ ಕೆಳಗೆ ಎರಡು ಕಡೆಯವರೂ ಮೂಗಿಗೆ ಮೂಗು ಕೊಟ್ಟು ನಿಂತು ಹಾರನ್ನು ಒತ್ತಿದರು. ಒಬ್ಬನೂ ಒಂದು ಗೇಣು ಹಿಂದೆ ಸರಿಯಲಿಲ್ಲ. ಹಿಂದೆ ಸರಿಯಲು ಜಾಗವೂ ಇರಲಿಲ್ಲ. ಪೊಲೀಸರು ಬೈದು, ದಯಾನಂದ ಕೆಳಗಿಳಿದು ಬಾನೆಟ್ಟು ಬಡಿದು, ಮಂತ್ರಿ ಈಚೆಗೆ ಬರುವ ಹೊತ್ತಿಗೆ ಇನ್ನೂ ಹದಿನೆಂಟು ನಿಮಿಷ.

ಹದಿನೆಂಟು ನಿಮಿಷ ರೈಲಿನದಲ್ಲ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲವೆ? “ನೋಡಿ, ನೋಡಿ, ಇದೇ ಕಷ್ಟ ಸಾರ್ ನಮ್ದು,” ಎಂದು ಸಮಿತಿಯವರೆಲ್ಲ ಒಳಗೊಳಗೇ ಸಂತೋಷದಿಂದ ಮಂತ್ರಿಗೆ ಹೇಳುತ್ತಿದ್ದರು. ಅವತ್ತು ಸಾಲಿನ ಕೊನೆಯಲ್ಲಿ ಲಾರಿಯ ಹಿಂದೆ ನಿಲ್ಲಬೇಕಾಗಿದ್ದ ಕಾರನ್ನು ಮಾವ ಹೀಗೇ ಬಲಕ್ಕೆ ಎಳೆದು, ಎಲ್ಲರನ್ನೂ ದಾಟಿಕೊಂಡು ಹೋಗಿ ಗೇಟಿನ ಕಂಬಕ್ಕೆ ಮುಟ್ಟಿಸಿ ನಿಲ್ಲಿಸಿದ್ದ. ಅಮ್ಮನ ತಲೆ ನಾಗಶ್ರೀಯ ತೊಡೆಯ ಮೇಲಿತ್ತು. ಬೆವರಿಗೆ ಅವಳ ಲಂಗ ಒದ್ದೆಯಾಗಿತ್ತು. ಮುಂದೆ ಕಾರಿನ ಗಡಿಯಾರದಲ್ಲಿ ಮೂರು ಹನ್ನೆರಡು. ಆ ಗಡಿಯಾರ ಹತ್ತು ನಿಮಿಷ ಮುಂದಿತ್ತು, ಆದರೆ ಮುಂದಿರುವ ಗಡಿಯಾರದಲ್ಲೂ ಎಂಟು ಎಂಟೇ. ಮೂರು ಇಪ್ಪತ್ತಕ್ಕೆ ಗೇಟು ಎದ್ದಾಗ ಎದುರಿಗೆ ಬಸ್ಸು ನಿಂತಿತ್ತು. ಅದು ಅದರ ಸರಿಯಾದ ಪಾಲಿನಲ್ಲೇ ನಿಂತಿತ್ತು. ಮಾವ ಹಾರನ್ನು ಒತ್ತಿದ, ಬಸ್ಸಿನವನು ಒತ್ತಿದ. ದಯಾನಂದ ಓಡಿಬಂದು ಕಿಟಕಿಯಲ್ಲಿ ಇಣುಕಿ, ಅಮ್ಮನ ಮುಖ ನೋಡಿ, ಒಂದು ಮಾತೂ ಆಡದೆ ಬಸ್ಸಿನ ಕಡೆಗೆ ಓಡಿ ಅದರ ಹಿಂದಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಹಿಂದಕ್ಕೆ ತಳ್ಳಿದ. ದಾರಿಯಾದಾಗ ತನ್ನ ನೀರಿನ ಬಾಟಲಿಯನ್ನು ಕಿಟಕಿಯಿಂದ ಒಳಗೆ ಕೊಟ್ಟ. ಆ ಬಾಟಲಿ ಈಗಲೂ ಮನೆಯಲ್ಲಿತ್ತು. ಅತ್ತೆ ಅದರಲ್ಲಿ ಸೀಮೆಎಣ್ಣೆ ಇಟ್ಟಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಕನ್ನಡಕ ತೆಗೆದು, “ಒಂದರ್ಧ ಗಂಟೆ ಮುಂಚೆ ಬಂದಿದ್ರೆ ನೋಡಬಹುದಿತ್ತು,” ಅಂದರು. ಮಾವ ಗೋಡೆ ನೋಡಿದ, ನೆಲ ನೋಡಿದ, ನಾಗಶ್ರೀಯ ಮುಖ ನೋಡಿದ. ಹೊತ್ತುಕೊಂಡ ಮೂಟೆಯನ್ನು ಎಲ್ಲಿ ಇಳಿಸುವುದೆಂದು ಹಮಾಲಿ ಅತ್ತಿತ್ತ ನೋಡುವ ಹಾಗೆ. ಆಮೇಲೆ ಬಾಯಿಬಿಟ್ಟು, “ಗೇಟ್ ಹಾಕ್ಬಿಟ್ಟಿದ್ದ ಸಾರ್,” ಅಂದ. ಅರ್ಧ ಗಂಟೆ ಅಲ್ಲಿ ಇಳಿಯಿತು. ಅವಳು ಪಕ್ಕದಲ್ಲೇ ನಿಂತಿದ್ದಳು. ಅವಳ ಭಾರವೂ ಇಳಿಯಿತು.

ಭಾಷಣ ಶುರುವಾಯಿತು. ಹನ್ನೊಂದನೆಯ ದಿನದ ಊಟದ ಎಲೆ ಎತ್ತುವ ಮೊದಲೇ ದೂರಿನ ಕಾಗದ ತಂದವನು ಈ ಮಲ್ಲಿಕಾರ್ಜುನಪ್ಪನೇ. “ಇಲ್ಲೊಂದು ಸೈನ್ ಹಾಕಮ್ಮ, ಸಾಕ್ಷಿ ಅಂತ. ಓದಕ್ಕೆ ಬರುತ್ತೇನು? ಬರ್ದೇ ಇದ್ರೂ ಪರ್ವಾಗಿಲ್ಲ,” ಅಂದಿದ್ದ. ಅವಳು ಓದಿದ್ದಳು. ಮೂವತ್ತೈದು ನಿಮಿಷ. ಗೇಟ್‌ಮನ್ ಕ್ಯಾಬಿನ್ನಿನೊಳಗೆ ಮಲಗಿದ್ದನು. ಮಾವ ಒಬ್ಬಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಬೇರೆ ಕಡೆ ನೋಡುತ್ತಿದ್ದ. ಸಹಿ ಹಾಕಿ ಪೆನ್ನು ವಾಪಸ್ ಕೊಟ್ಟಾಗ, “ಅಕ್ಷರ ದುಂಡಗಿದೆ ಕಣಯ್ಯ,” ಎಂದು ಆ ಮನುಷ್ಯ ಮೆಚ್ಚಿದ್ದ. ಆಗಲೂ ಅವಳಿಗೆ ಮುಖ ಬಿಸಿಯಾಗಿತ್ತು. ಯಾರಾದರೂ ಚೆನ್ನಾಗಿದೆ ಎಂದರೆ ಸಾಕು, ಕಲ್ಲನ್ನೂ ಇಡುತ್ತಾಳೆ, ಸಹಿಯನ್ನೂ ಇಡುತ್ತಾಳೆ.

“ಒಂದು ಗಂಟೆ!” ಎಂದು ಮಲ್ಲಿಕಾರ್ಜುನಪ್ಪ ಈಗ ಮೈಕಿನಲ್ಲಿ ಕೂಗಿದ. “ಒಂದು ಗಂಟೆ ಕಾಲ ಆ ತಾಯಿ ಈ ಗೇಟಿನ ಮುಂದೆ ನರಳಿದಳು, ಸ್ವಾಮಿ!” ಹೋದ ವರ್ಷ ಅಡಿಗಲ್ಲಿಗೆ ಅದು ಮುಕ್ಕಾಲು ಗಂಟೆ ಇತ್ತು. ಚಪ್ಪಾಳೆ ಬಿತ್ತು. ಇಷ್ಟು ದೊಡ್ಡ ಸೇತುವೆ ಬೇಕಾಗಿತ್ತು, ಅದು ನಿಜ. ದಿನಾ ಶಾಲೆಯ ಮಕ್ಕಳು, ಸಂತೆಯ ಗಾಡಿ, ಕಡೂರಿನ ಬಸ್ಸು ಎಲ್ಲವೂ ಇಲ್ಲಿ ಕಾದು ಒಣಗಿದ್ದವು. ಎಂಟು ನಿಮಿಷಕ್ಕೇ ಅದನ್ನು ಕೇಳಬಹುದಿತ್ತು. ಆದರೆ ಎಂಟು ನಿಮಿಷ ಎಂದರೆ ಯಾರ ಎದೆಯೂ ಕರಗುವುದಿಲ್ಲವೆಂದು ಇವರಿಗೆ ಗೊತ್ತಿತ್ತು. ಒಂದು ಹೆಣ ಬೇಕಾಗಿತ್ತು, ಅದರ ಜೊತೆ ಬೈಯಲು ಒಬ್ಬ ಸಂಬಳದವನು ಬೇಕಾಗಿತ್ತು. ಶಾಮಿಯಾನದ ಕಂಬಕ್ಕೆ ಒರಗಿ ನಿಂತ ಜನರ ಹಿಂದೆ, ಹಳಿಯ ಅಂಚಿನಲ್ಲಿ ದಯಾನಂದನೂ ನಿಂತು ಕೇಳುತ್ತಿದ್ದ. ಒಂದು ಗಂಟೆ ಎಂದಾಗ ಅವನು ತಲೆ ತಗ್ಗಿಸಿ ಬಾವುಟವನ್ನು ಕೋಲಿಗೆ ಬಿಗಿಯಾಗಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

“ಈಗ ಮೃತರ ಸುಪುತ್ರಿ ಕುಮಾರಿ ನಾಗಶ್ರೀ ಎರಡು ಮಾತಾಡ್ತಾರೆ.”

ಇದನ್ನು ಯಾರೂ ಅವಳಿಗೆ ಮೊದಲೇ ಹೇಳಿರಲಿಲ್ಲ. ಅತ್ತೆ ಬೆನ್ನಿಗೆ ಮೊಣಕೈ ತಿವಿದಳು. “ಹೋಗೆ, ನಮಸ್ಕಾರ ಅಂತ ಹೇಳಿ ಬಾ, ಸಾಕು.” ಫೋಟೋವನ್ನು ಎದೆಗೆ ಹಿಡಿದುಕೊಂಡೇ ಎದ್ದಳು. ಫೋಟೋದ ಹಿಂದಿನ ನೆಟ್ಟಗೆ ಕೂರದ ಮೊಳೆ ಅವಳ ಅಂಗೈಗೆ ಚುಚ್ಚುತ್ತಿತ್ತು. ಮೈಕು ಅವಳ ಹಣೆಯ ಎತ್ತರಕ್ಕಿತ್ತು. ಯಾರೋ ಬಂದು ಅದನ್ನು ಬಗ್ಗಿಸಿದರು, ಅದು ಕಿರ್ರೆಂದು ಕಿರುಚಿತು, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಇನ್ನೂರು ಮುಖಗಳು. ಇವರಲ್ಲಿ ಎಷ್ಟು ಮಂದಿ ಗೇಟಿನ ಕೆಳಗೆ ಬೈಕು ಮಲಗಿಸಿ ನುಸುಳಿಲ್ಲ, ಎಷ್ಟು ಮಂದಿ ರಸ್ತೆಯ ಬಲಕ್ಕೆ ಬಂದು ನಿಂತಿಲ್ಲ, ಎಷ್ಟು ಮಂದಿ ಅವತ್ತು ಅಮ್ಮನ ಕಾರಿನ ಮುಂದೆ ಇದ್ದರು? ಅವಳಿಗೆ ಮೂರೂ ಸಾಲು ನೆನಪಿದ್ದವು. “ಅವತ್ತು,” ಎಂದಳು. ತನ್ನ ದನಿ ದೊಡ್ಡದಾಗಿ ಸೇತುವೆಯ ಕಂಬಕ್ಕೆ ಬಡಿದು ವಾಪಸ್ ಬಂದದ್ದು ಕೇಳಿಸಿತು. ಹಳಿಯ ಅಂಚಿನಲ್ಲಿ ದಯಾನಂದ ಬಾವುಟ ಸುತ್ತುವುದನ್ನು ನಿಲ್ಲಿಸಿದ. “ಅವತ್ತು,” ಎಂದು ಇನ್ನೊಂದು ಸಲ ಅಂದಳು. ಚೌಕಟ್ಟಿನ ಅಂಚಿಗೆ ಗಲ್ಲ ಒತ್ತಿ ತಲೆ ತಗ್ಗಿಸಿದಳು. ಅಳು ಅಲ್ಲ, ಅಳುವುದಕ್ಕೆ ಅವಳಲ್ಲಿ ಏನೂ ಇರಲಿಲ್ಲ. ಬರೀ ನಾಚಿಕೆ, ಇನ್ನೂರು ಜನ ತನ್ನ ಹಳೆಯ ಚಪ್ಪಲಿಯನ್ನು ನೋಡುತ್ತಿದ್ದಾರೆಂಬ ನಾಚಿಕೆ. ಮಲ್ಲಿಕಾರ್ಜುನಪ್ಪ ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಮೈಕು ತೆಗೆದುಕೊಂಡ. “ದುಃಖ ಉಕ್ಕಿ ಬಂತು. ಈ ಮಗಳ ಕಣ್ಣೀರಿಗೆ ಒಂದು ಜೋರಾದ ಚಪ್ಪಾಳೆ!” ಅವಳ ಕಣ್ಣು ಒಣಗಿತ್ತು. ಚಪ್ಪಾಳೆ ಬಂತು, ಮಂತ್ರಿಯೂ ತಟ್ಟಿದ, ಮಾವನೂ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಮಾವನ ಕಣ್ಣೀರು ನಿಜವಾಗಿತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ನಾಲ್ಕು ವರ್ಷ ಹೇಳಿ ಹೇಳಿ ಅವನು ನಿಜವಾಗಿ ನಂಬಿಬಿಟ್ಟಿದ್ದ. ಏಳು ರಾಶಿಯಾಗಲಿ ಟಾರ್ಪಾಲಾಗಲಿ ಅವನ ತಲೆಯಲ್ಲಿ ಈಗ ಎಲ್ಲಿಯೂ ಇರಲಿಲ್ಲ. ಕೆಳಗಿಳಿದು ಬರುವಾಗ ಅವಳು ಹಳಿಯ ಕಡೆ ನೋಡಿದಳು. ದಯಾನಂದ ಬೆನ್ನು ತಿರುಗಿಸಿ ಕ್ಯಾಬಿನ್ನಿನ ಮೆಟ್ಟಿಲು ಹತ್ತುತ್ತಿದ್ದ.

ರಿಬ್ಬನ್ನು ಕತ್ತರಿಸಿದರು. ಮಂತ್ರಿಯ ಕಾರು ಸೇತುವೆಯ ಮೇಲೆ ಮೊದಲು ಹೋಯಿತು, ಅದರ ಹಿಂದೆ ಸಮಿತಿಯ ಕಾರುಗಳು. ಊರಿನ ಕಲ್ಯಾಣ ಮಂಟಪದಲ್ಲಿ ಊಟ. ಓಂಕಾರಪ್ಪ ಮೂರನೆಯವನು. “ಎರಡೇ ನಿಮಿಷ ನೋಡು ಶಾಂತಾ ಇನ್ಮೇಲೆ, ಮನೆಯಿಂದ ಆಸ್ಪತ್ರೆಗೆ,” ಎಂದ, ಗೇರು ಹಾಕುತ್ತಾ. ಮುಂದಿನ ಸೀಟಿನಲ್ಲಿ ಶಾಂತಕುಮಾರಿ ಹೂಂಗುಟ್ಟಿ ಹೂವಿನ ಹಾರದ ಎಸಳನ್ನು ಮಡಿಲಿನಿಂದ ಕೊಡವಿದಳು. ಹಿಂದೆ ನಾಗಶ್ರೀ, ತೊಡೆಯ ಮೇಲೆ ಹಾರ ಹಾಕಿದ ಅಮ್ಮ. ಕಾರು ಏರಿತು. ಅವಳು ಇಷ್ಟು ವರ್ಷ ಕೆಳಗಿಂದ ನೋಡಿದ್ದೆಲ್ಲ ಮೇಲಿಂದ ಸಣ್ಣದಾಗಿ ಕಂಡಿತು: ಕ್ಯಾಬಿನ್ನಿನ ಹೆಂಚು, ಜವರಮ್ಮನ ಬುಟ್ಟಿ, ತಮ್ಮ ಕಣದ ಬಿಳಿ ಚೌಕ. ಸೇತುವೆಯ ನೆತ್ತಿಗೆ ಬರುವಷ್ಟರಲ್ಲಿ ಕಾರು ನಿಂತಿತು. ಮುಂದಿನ ಕಾರಿನವರು ಇಳಿದು, ಕಟಾಂಜನಕ್ಕೆ ಒರಗಿ ಗಿರಿಯ ಕಡೆ ಬೆನ್ನು ಮಾಡಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಊರಿನ ಕಡೆಯಿಂದ ಸೇತುವೆ ನೋಡಲು ಬಂದವರು ಎದುರಿನಿಂದ ಎರಡೂ ಪಾಲಿನಲ್ಲಿ ಏರಿಬಂದಿದ್ದರು. ಐದು ನಿಮಿಷದಲ್ಲಿ ಹಿಂದೆ ಮುಂದೆ ಎಲ್ಲೂ ಜಾಗವಿರಲಿಲ್ಲ. ಹಾರನ್ನುಗಳು ಶುರುವಾದವು. ಕೆಳಗೆ ಗೇಟು ತೆರೆದೇ ಇತ್ತು, ಹಳೆಯ ರಸ್ತೆಯಲ್ಲಿ ಒಂದು ನಾಯಿ ಹಳಿ ದಾಟಿ ಹೋಯಿತು.

“ಛೇ, ಈ ಜನಕ್ಕೆ ಬುದ್ಧಿ ಬರಲ್ಲ ಮಾರಾಯ,” ಎಂದು ಓಂಕಾರಪ್ಪ ಸ್ಟಿಯರಿಂಗಿಗೆ ಗುದ್ದಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಆಕಾಶ ನೋಡಿದ. ಕಾರನ್ನು ಬಲಕ್ಕೆ ಒಂದಿಷ್ಟು ತಿರುಗಿಸಿ, ಸಂದಿ ಸಿಗುತ್ತದೇನೋ ಎಂದು ಮೂಗು ತೂರಿಸಿ ನಿಲ್ಲಿಸಿದ. ಈಗ ಎದುರಿನವನಿಗೂ ಜಾಗ ಹೋಯಿತು.

ನಾಗಶ್ರೀ ಹಾರವನ್ನು ತೆಗೆದು ಪಕ್ಕಕ್ಕಿಟ್ಟಳು. ಫೋಟೋವನ್ನು ಬೋರಲು ಹಾಕಿ, ನೆಟ್ಟಗೆ ಕೂರದ ಮೊಳೆಯನ್ನು ಉಗುರಿನಿಂದ ಎಬ್ಬಿಸಿದಳು. ಉಗುರು ಸೀಳಿತು. ರಟ್ಟಿನ ಮೂಲೆ ಎತ್ತಿ ಕಾಗದವನ್ನು ಎಳೆದಳು. ನಾಲ್ಕು ಮಡಿಕೆಯನ್ನೂ ಬಿಚ್ಚಿ, ತೊಡೆಯ ಮೇಲೆ ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು. ಅತ್ತೆಯ ಪರ್ಸಿನ ಬದಿಯ ಜೇಬಿನಲ್ಲಿ ಪೆನ್ನಿತ್ತು. ಕೈ ಚಾಚಿ ಅದನ್ನು ತೆಗೆದುಕೊಂಡಳು. ಅತ್ತೆ ತಿರುಗಿ ನೋಡಿದಳು, ಕಾಗದ ನೋಡಿದಳು, ಮೊದಲ ಸಾಲನ್ನು ತುಟಿ ಅಲ್ಲಾಡಿಸಿ ಓದಿದಳು, ಮುಖವನ್ನು ಮುಂದಕ್ಕೆ ತಿರುಗಿಸಿ ಸೆರಗು ಸರಿಮಾಡಿಕೊಂಡಳು. ನಾಗಶ್ರೀ ಕಾಗದವನ್ನೂ ಪೆನ್ನನ್ನೂ ಎರಡು ಸೀಟಿನ ನಡುವೆ ಮುಂದಕ್ಕೆ ಹಿಡಿದಳು, ಮಾವನ ಮೊಣಕೈಗೆ ತಾಗುವ ಹಾಗೆ. ಕಾರಿನ ಬಾಗಿಲು ಒಂದೂ ತೆರೆಯುವ ಹಾಗಿರಲಿಲ್ಲ, ಎರಡೂ ಕಡೆ ಗಾಡಿಗಳು ಒತ್ತಿ ನಿಂತಿದ್ದವು. ಯಾರೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ದನಿ ಬಂತು. ಅವಳಿಗೇ ಆಶ್ಚರ್ಯವಾಗುವಷ್ಟು ಸರಾಗವಾಗಿ, ಉಪ್ಪು ಕೊಡಿ ಎಂದು ಕೇಳುವ ಹಾಗೆ ಬಂತು.

“ಮಾವ, ಅವತ್ತು ಮುಕ್ಕಾಲು ಗಂಟೆ ನಾವು ಟಾರ್ಪಾಲ್ ಮುಚ್ತಿದ್ವಿ.”

ಮಾವನ ಕುತ್ತಿಗೆಯ ಹಿಂದೆ ಬೆವರು ಮೂಡಿತು. ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣನ್ನು ಒಂದು ಕ್ಷಣ ಹಿಡಿಯಿತು. ಹಣೆಯ ವಿಭೂತಿ ಒಂದು ಕಡೆ ಕರಗಿತ್ತು. ಆಮೇಲೆ ಅವನು ಕನ್ನಡಿಯನ್ನು ಕೈಯಿಂದ ಮೇಲಕ್ಕೆ ತಿರುಗಿಸಿ, ಎರಡು ಸಲ ಹಾರನ್ನು ಒತ್ತಿ, ಎದುರಿನ ಕಾರಿನ ಗಾಜನ್ನು ನೋಡುತ್ತಾ ಕೂತ. ಅತ್ತೆ ಕಿಟಕಿಯ ಕಡೆ ತಿರುಗಿದ್ದಳು. ಕೆಳಗೆ ರೈಲಿನ ಸದ್ದಿಲ್ಲದ ಹಳಿ ಬಿಸಿಲಿಗೆ ಹೊಳೆಯುತ್ತಿತ್ತು. ಕಾರಿನ ಗಡಿಯಾರ ಈಗಲೂ ಹತ್ತು ನಿಮಿಷ ಮುಂದಿತ್ತು; ಅದರಲ್ಲಿ ಒಂದು ನಿಮಿಷ ಹೋಯಿತು, ಇನ್ನೊಂದು ಹೋಯಿತು. ಅವಳ ಕೈ ಸೋಲಲು ಶುರುವಾಯಿತು. ಹಿಂದಕ್ಕೆ ತೆಗೆಯಲಿಲ್ಲ.

“ನಾಳೆ ಸೋಮವಾರ, ದಯಾನಂದಂಗೆ ಕೊನೇ ದಿನ. ಇದಕ್ಕೊಂದು ಸೈನ್ ಹಾಕಿ ಕೊಡಿ ಮಾವ.”